ಕನ್ನಡದ ಆರು, ಮರಾಠಿಯ ಮೂರು

೧೯೯೧ರ ಜನವರಿಯಲ್ಲಿ ಒಂದು ಬೆಳಿಗ್ಗೆ ನನ್ನ ಅಣ್ಣ ತನ್ನ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ನಿಪ್ಪಾಣಿಯಿಂದ ಐಗಳಿಗೆ ಹೊರಟ. ಕಾರಿನ ಎಂಜಿನ್ನಿಗೆ ಹೊಸ ಕ್ರ್ಯಾಂಕ್‌ಶಾಫ್ಟ್ ಹಾಕಿಸಿದ್ದ. ಅದನ್ನು ಹಿಡಿದಿಡುವ ಬೋಲ್ಟುಗಳನ್ನು ಇರಬೇಕಾದ ಬಿಗಿಯ ಅರ್ಧಕ್ಕೆ ಮಾತ್ರ ಬಿಗಿಯಲಾಗಿತ್ತು. ಇದು ಅವನಿಗೆ ಗೊತ್ತಿರಲಿಲ್ಲ. ಬಿಗಿದ ಮೇಸ್ತ್ರಿಗೂ ಗೊತ್ತಿರಲಿಲ್ಲ. ತಪ್ಪು ನನ್ನದು.

ನಾನಾಗ ನಿಪ್ಪಾಣಿಯಲ್ಲಿ ಒಂದು ಪತ್ರಿಕೆಯ ವರದಿಗಾರ. ಅಣ್ಣ ಐಗಳಿಯಲ್ಲಿ ದ್ರಾಕ್ಷಿ, ಕಬ್ಬು ನೋಡಿಕೊಂಡಿದ್ದ. ಎರಡೇ ಸೀಟಿನ, ಮೇಲೆ ಹೊದಿಕೆಯಿಲ್ಲದ ಆ ವಿಲಾಯತಿ ಕಾರನ್ನು ಅವನು ಕೊಲ್ಹಾಪುರದ ಒಂದು ಹಳೆಯ ಮನೆತನದಿಂದ ತಂದಿದ್ದ. ಪಿಸ್ಟನ್ನುಗಳು ಮೇಲೆ ಕೆಳಗೆ ಆಡುವುದನ್ನು ತಿರುಗುವ ಶಕ್ತಿಯಾಗಿ ಮಾಡುವ ಕ್ರ್ಯಾಂಕ್‌ಶಾಫ್ಟ್ ಸವೆದು, ಲೇಥಿನಲ್ಲಿ ಮತ್ತೆ ಕಡೆಯಲಾಗದಷ್ಟು ಸಣ್ಣದಾಗಿತ್ತು. ನಲವತ್ತು ಮೈಲಿ ವೇಗ ದಾಟಿದರೆ ಇಡೀ ಗಾಡಿ ನಡುಗುತ್ತಿತ್ತು. ಅಣ್ಣ ಕೊಲ್ಹಾಪುರದ ಒಂದು ಲೇಥ್ ಕಾರ್ಖಾನೆಯಲ್ಲಿ, ಬಡಿದ ಉಕ್ಕಿನ ಒಂದೇ ಗಟ್ಟಿಯಿಂದ, ಮೊದಲಿನದಕ್ಕಿಂತ ಭಾರದ ಹೊಸದನ್ನು ಮಾಡಿಸಿದ.

ಅದನ್ನು ಎಂಜಿನ್ನಿಗೆ ಕೂಡಿಸಿದವರು ನಿಪ್ಪಾಣಿಯ ಗ್ಯಾರೇಜಿನ ಮೇಸ್ತ್ರಿ. ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು, ಓದಲು ಬರುತ್ತಿದ್ದದ್ದು ಮರಾಠಿ ಮಾತ್ರ. ಕಾರಿನ ಪುಸ್ತಕ ಇಂಗ್ಲಿಷಿನಲ್ಲಿತ್ತು. ಅದರಿಂದ ಬೇಕಾದ ಅಳತೆಗಳನ್ನೆಲ್ಲ ನಾನು ಒಂದು ಹಾಳೆಯಲ್ಲಿ ಮರಾಠಿಯಲ್ಲಿ ಬರೆದುಕೊಟ್ಟೆ. ನಮ್ಮ ಪತ್ರಿಕೆಯಲ್ಲಿ ಅಂಕಿಗಳನ್ನು ಕನ್ನಡದಲ್ಲೇ ಬರೆಯಬೇಕೆಂಬ ನಿಯಮವಿತ್ತು. ಹತ್ತು ವರ್ಷ ಹಾಗೆ ಬರೆದ ಕೈ. ಅಕ್ಷರ ಮರಾಠಿಯದು ಬಂತು, ಅಂಕಿ ಕನ್ನಡದ್ದೇ ಬಂತು.

ಮೇಸ್ತ್ರಿ ಹಾಳೆ ನೋಡಿ ಒಂದು ಕಡೆ ಬೆರಳಿಟ್ಟರು.

"ಇದೇನ್ರಿ ಸರ, ಇಲ್ಲೊಂದು ಹುಳಾ ಕುಂತೈತಿ?"

ಅದು ಕನ್ನಡದ ಐದು. ಇಬ್ಬರೂ ನಕ್ಕೆವು. ನಾನು ಆ ಒಂದು ಅಂಕಿಯನ್ನು ತಿದ್ದಿ, ಉಳಿದವನ್ನು ನೋಡದೆ ಹಾಳೆ ವಾಪಸು ಕೊಟ್ಟೆ.

ಹೊಸ ಎಂಜಿನ್ನಿಗೆ ಮೊದಲ ಐನೂರು ಮೈಲಿ ಹಗುರ ಓಟ. ನಲವತ್ತು ದಾಟಬಾರದು ಎಂದು ಮೇಸ್ತ್ರಿ ಹೇಳಿದ್ದರು. ಅಣ್ಣ ಎರಡು ತಿಂಗಳು ಮಾತು ಪಾಲಿಸಿದ. ಆ ಬೆಳಿಗ್ಗೆ ಐನೂರು ಮುಗಿದಿತ್ತು. ಮೇಸ್ತ್ರಿ ಎಣ್ಣೆ ಬದಲಿಸಿಕೊಟ್ಟರು. ಅಣ್ಣ ತಲೆಗೆ ಟವೆಲ್ ಬಿಗಿದುಕೊಂಡು ಕುಳಿತ.

"ಚಿಕ್ಕೋಡಿ ತನಾ ಹಗೂರ. ಕಾಗವಾಡ ದಾಟಿದ ಮ್ಯಾಲೆ ಪೂರಾ ಬಿಡಾವ ನಾ. ನೀ ಬರ್ತೀಯೇನಲೇ?"

"ಕೆಲಸ ಐತಿ."

"ಅಂಜಬುರಕ," ಎಂದು ಹೊರಟುಹೋದ.

ಅವನು ಹೋಗಿ ಅರ್ಧ ಗಂಟೆಯಾಗಿರಬೇಕು. ಮೇಸ್ತ್ರಿ ಚಹಾ ತರಿಸಿದ್ದರು. ತಮ್ಮ ಕೆಲಸದ ಬಗ್ಗೆ ಅವರಿಗೆ ಅಭಿಮಾನವಿತ್ತು. ಬಿಗಿ ಎಷ್ಟೆಂದು ಮುಳ್ಳಿನ ಕಾಟಾದಲ್ಲಿ ತೋರಿಸುವ ಉದ್ದನೆಯ ಸ್ಪ್ಯಾನರನ್ನು, ಅವರ ಪಾನಾವನ್ನು, ಎತ್ತಿ ತೋರಿಸಿದರು.

"ಸರ, ಮಂದಿ ತೋಳಿನ ಅಂದಾಜಿನ ಮ್ಯಾಲೆ ಬಿಗೀತಾರ. ನಾ ಹಂಗ ಮಾಡಂಗಿಲ್ಲ. ನಿಮ್ಮ ಹಾಳ್ಯಾಗ ತೀಸ ಅಂದ್ರ ತೀಸ. ಪಾನಾದ ಕಾಟಾ ತೀಸಕ್ಕ ಬಂತು, ಕೈ ಬಿಟ್ಟೆ."

"ಯಾವುದು ತೀಸ?"

"ಮೇನ್ ಬೋಲ್ಟ್‌ರಿ. ಕ್ರ್ಯಾಂಕ್ ಹಿಡಿಯೂವು. ನನಗೂ ಕಡಿಮಿ ಅನಿಸ್ತು. ಆದ್ರ ಬುಕ್ಕಿನ್ಯಾಗ ಬರದೈತಿ ಅಂದ ಮ್ಯಾಲ..."

ತೀಸ ಎಂದರೆ ಮೂವತ್ತು. ಪುಸ್ತಕದಲ್ಲಿದ್ದದ್ದು ಅರವತ್ತು. ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ್ದ ಹಾಳೆಯ ಮುಂದೆ ಹೋಗಿ ನಿಂತೆ. ನನ್ನದೇ ಕೈಬರಹ: ೬೦. ಕನ್ನಡ ಓದುವವನಿಗೆ ಅದು ಅರವತ್ತು. ಮರಾಠಿ ಓದುವವನಿಗೆ ಬಾಲವಿರುವ ಮೂರು, ಪಕ್ಕದಲ್ಲಿ ಸೊನ್ನೆ: ३०. ಐದನ್ನು ಅವರು ಕೇಳಿದ್ದರು, ಏಕೆಂದರೆ ಅದು ಯಾವುದರಂತೆಯೂ ಕಂಡಿರಲಿಲ್ಲ. ಇದನ್ನು ಕೇಳುವ ಕಾರಣವೇ ಇರಲಿಲ್ಲ.

ನಾನು ಹೇಳಿದೆ. ಮೇಸ್ತ್ರಿ ಚಹಾದ ಕಪ್ಪನ್ನು ನೆಲಕ್ಕಿಟ್ಟರು.

"ಅರೆ ದೇವಾ. ಸಾವಕಾಶ ಹೊಡದ್ರ ತಡೀತೈತಿ. ಜೋರ ಬಿಟ್ರ ಬೋಲ್ಟ್ ಸಡ್ಲ ಆಗಿ ಕ್ರ್ಯಾಂಕ್ ಹಿಡಕೊಂತೈತ್ರಿ. ಹಿಂದಿನ ಗಾಲಿ ಜಾಮ್."

ಪಕ್ಕದ ಎಸ್‌ಟಿಡಿ ಬೂತಿನಿಂದ ಕಾಗವಾಡದ ಪೆಟ್ರೋಲ್ ಪಂಪಿಗೆ ಫೋನ್ ಮಾಡಿದೆ. ಅಪಘಾತದ ಸುದ್ದಿಗಾಗಿ ಆಗಾಗ ಕರೆಯುತ್ತಿದ್ದ ನಂಬರ್ ಅದು. ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಎರಡನೇ ಸಲ ಲೈನೇ ಸಿಗಲಿಲ್ಲ. ನನ್ನ ಮೋಟಾರ್ ಸೈಕಲ್ ತೆಗೆದೆ. ಮೇಸ್ತ್ರಿ ಉದ್ದನೆಯ ಪಾನಾವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತರು.

ಆ ದಾರಿಯ ಅಪಘಾತಗಳನ್ನು ನಾನೇ ವರದಿ ಮಾಡಿದ್ದೆ. ಚಿಕ್ಕೋಡಿ ದಾಟುವಷ್ಟರಲ್ಲಿ ತಲೆಯಲ್ಲಿ ಒಂದು ವಾಕ್ಯ ತಾನಾಗಿ ಕೂಡಿಕೊಂಡಿತ್ತು: ಅಥಣಿ ತಾಲೂಕು ಐಗಳಿಯ ನಿವಾಸಿ, ನಲವತ್ತೊಂದು ವರ್ಷ, ಸ್ಥಳದಲ್ಲಿಯೇ. ಅದನ್ನು ತಡೆಯಲು ನೋಡಿದೆ, ಆಗಲಿಲ್ಲ. ಅಂಕಲಿಯ ತನಕ ಅದೇ ವಾಕ್ಯ. ಕೃಷ್ಣೆಯ ಸೇತುವೆಯ ಮೇಲೆ ನಾಲ್ಕು ಜನ ಕೆಳಗೆ ಬಗ್ಗಿ ನೋಡುತ್ತಿದ್ದರು. ಬ್ರೇಕ್ ಹಾಕಿದೆ. ನೀರಿನಲ್ಲಿ ಎಮ್ಮೆಗಳಿದ್ದವು.

"ನಡೀರಿ ಸರ," ಎಂದರು ಮೇಸ್ತ್ರಿ.

ಕಾಗವಾಡದ ಪಂಪಿನವನಿಗೆ ಕಾರಿನ ನೆನಪಿತ್ತು.

"ಕೆಂಪ್ ಗಾಡಿ? ಈಗ ಹೋತಲ್ರಿ. ಏನ್ ಬಿಟ್ರು ಅಂತೀರಿ, ಧೂಳಾ ಇನ್ನೂ ಇಳದಿಲ್ಲ!"

ಅಥಣಿಯ ದಾರಿ ಹಿಡಿದೆವು. ಎರಡು ಮೈಲಿ ಹೋಗಿರಬೇಕು, ಡಾಂಬರಿನ ಮೇಲೆ ಕಪ್ಪು ಎಣ್ಣೆಯ ಗೆರೆ ಕಂಡಿತು. ಒಂದೇ ಸಮ, ಕೈ ಅಗಲ. ಮೇಸ್ತ್ರಿ ಇಳಿದು ಬೆರಳಿಗೆ ಹಚ್ಚಿಕೊಂಡು ಮೂಸಿದರು.

"ಡೀಸೆಲ್ ವಾಸನಿ. ಟ್ರಕ್ಕಿಂದು."

ಮುಂದೆ ಉಗಾರದ ಕಾರ್ಖಾನೆಗೆ ಹೊರಟ ಕಬ್ಬಿನ ಎತ್ತಿನ ಚಕ್ಕಡಿಗಳ ಸಾಲು ಶುರುವಾಯಿತು. ಅದರ ಪಕ್ಕದಲ್ಲಿ, ಒಂದು ಜಾಲಿ ಮರದ ಕೆಳಗೆ, ಕೆಂಪು ಕಾರು ನಿಂತಿತ್ತು. ಬಾನೆಟ್ ತೆರೆದಿತ್ತು. ಸೀಟಿನಲ್ಲಿ ಯಾರೂ ಇರಲಿಲ್ಲ. ಅಣ್ಣನ ಟವೆಲ್ ಸ್ಟಿಯರಿಂಗಿನ ಮೇಲೆ ಬಿದ್ದಿತ್ತು. ನಾನು ಮೋಟಾರ್ ಸೈಕಲ್ಲಿನ ಸ್ಟ್ಯಾಂಡ್ ಹಾಕುವುದನ್ನು ಮರೆತೆ. ಅದು ಮೇಸ್ತ್ರಿಯ ಸಮೇತ ಬಿತ್ತು.

"ಪೇಪರಿನವರು ಬಂದ್ರಪಾ," ಎಂಬ ದನಿ ಕೇಳಿತು. "ಇನ್ನೂ ಸತ್ತಿಲ್ಲೋ ತಮ್ಮಾ, ಸುದ್ದಿ ಏನೂ ಇಲ್ಲ, ಹೋಗು."

ನಿಂತಿದ್ದ ಚಕ್ಕಡಿಯೊಂದರ ನೆರಳಿನಲ್ಲಿ ಅಣ್ಣ ಗಾಡಿಯವನ ಜೊತೆ ಕುಳಿತು ಕಬ್ಬು ಸಿಗಿಯುತ್ತಿದ್ದ.

"ಅರವತ್ತಕ್ಕ ತಂದೆ, ಬೆಣ್ಣಿ ಹಂಗ ಹೊಂಟಿತ್ತು. ಆಮ್ಯಾಲೆ ಎಣ್ಣಿ ಪ್ರೆಶರಿನ ಕಾಟಾ ದಡ್ ಅಂತ ಸೊನ್ನಿಗೆ ಬಿತ್ತು. ಕೆಳಗಿಂದ ಕಟಕಟಾ ಸಪ್ಪಳ. ಬಂದ ಮಾಡಿಬಿಟ್ಟೆ. ಮೇಸ್ತ್ರಿ, ಏನ್ ಮಾಡಿಟ್ಟೀರಿ ನೀವು?"

ಮೇಸ್ತ್ರಿ ಮೊಣಕೈ ಒರೆಸಿಕೊಳ್ಳುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

"ಅವರಲ್ಲ. ನಾನು," ಎಂದೆ. ಅಂಕಿಯ ಕಥೆ ಹೇಳಿದೆ. ಅಣ್ಣ ಕಬ್ಬು ಅಗಿಯುವುದನ್ನು ನಿಲ್ಲಿಸಿ ಕೇಳಿದ.

"ಮುಂದಿನ ವಾರ ಅವ್ವನ್ನ ಕೂಡ್ರಿಸ್ಕೊಂಡು ಕೊಕಟನೂರ ಗುಡಿಗೆ ಹೋಗಾವ ಇದ್ದೆ. ಇದರಾಗ," ಎಂದಷ್ಟೇ ಅಂದ. ಚಕ್ಕಡಿಯವನು ಒಂದು ತುಂಡು ಕಬ್ಬು ನನ್ನ ಕಡೆ ಚಾಚಿದ. ಅದನ್ನು ಹಿಡಿದುಕೊಂಡೇ ಬಿದ್ದ ಮೋಟಾರ್ ಸೈಕಲ್ ಎತ್ತಲು ಹೋದೆ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಐಗಳಿಗೆ ಎಳೆಸಿದೆವು. ಮರುದಿನ ಮನೆಯ ಅಂಗಳದಲ್ಲಿ ಮೇಸ್ತ್ರಿ ಎಂಜಿನ್ನಿನ ತಳ ಬಿಚ್ಚಿದರು. ನಡುವಿನ ಬೇರಿಂಗಿನ ಒಂದು ಬೋಲ್ಟನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿ ತೋರಿಸಿದರು. ತಿರುಗಿತು. ಅಣ್ಣ ನೋಡಿ ಒಳಗೆ ಹೋದ. ಬೇರಿಂಗ್ ಸುಟ್ಟು ಕಪ್ಪಾಗಿತ್ತು.

ಕ್ರ್ಯಾಂಕ್‌ಶಾಫ್ಟನ್ನು ಕೊಲ್ಹಾಪುರಕ್ಕೆ ಒಯ್ದು ಬಿರುಕಿನ ಪರೀಕ್ಷೆ ಮಾಡಿಸಿದೆವು. ಬಿರುಕು ಇರಲಿಲ್ಲ. ನಡುವಿನ ಭಾಗವನ್ನು ಮತ್ತೆ ಕಡೆದು ಕೊಟ್ಟರು. ಮಾರ್ಚಿನಲ್ಲಿ ಮೇಸ್ತ್ರಿ ಅದನ್ನು ಮತ್ತೆ ಕೂಡಿಸಿ, ಬೋಲ್ಟುಗಳನ್ನು ಅರವತ್ತಕ್ಕೆ ಬಿಗಿದರು. ಆ ವರ್ಷದ ಕೊನೆಯವರೆಗೆ ಅಣ್ಣ ನಲವತ್ತು ದಾಟಲಿಲ್ಲ. ೧೯೯೬ರಲ್ಲಿ ಕಾರನ್ನು ಮಿರಜದ ಒಬ್ಬರಿಗೆ ಕೊಟ್ಟ. ಎರಡು ವರ್ಷದ ನಂತರ ಅವರಿಂದ ಒಂದು ಕಾರ್ಡ್ ಬಂತು: ಗಾಡಿ ಪುಣೆಯ ತನಕ ಹೋಗಿ ಬಂದಿದೆ, ಎಣ್ಣೆಯ ಒತ್ತಡದ ಕಾಟಾ ಸರಿ ನಿಲ್ಲುತ್ತದೆ.