ಮಾಸ್ತಪ್ಪಜ್ಜನ ಹೊಳೆಯ ವೇಗ

ಸಾಗರದ ನಮ್ಮ ಕೇರಿಯ ಮಕ್ಕಳಿಗೆ ಶಾಲೆಯ ಲೆಕ್ಕ ಹೇಳಿಕೊಡುವವರು ಮಾಸ್ತಪ್ಪಜ್ಜ. ಅವರಿಗೆ ಓದಲು ಬರುವುದಿಲ್ಲ; ಸಂಜೆ ನಮ್ಮ ಜಗಲಿಯಲ್ಲಿ ಮಕ್ಕಳು ಲೆಕ್ಕವನ್ನು ಗಟ್ಟಿಯಾಗಿ ಓದುತ್ತಾರೆ, ಅಜ್ಜ ಕಣ್ಣು ಮುಚ್ಚಿ ಕೇಳುತ್ತಾರೆ. ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ನಾನೂ ಒಳಗಿನಿಂದ ಕೇಳಿಸಿಕೊಳ್ಳುತ್ತೇನೆ. ಯಾವ ಲೆಕ್ಕವನ್ನೂ ಅವರು ವಿಚಾರಣೆಯಿಲ್ಲದೆ ಬಿಡುವವರಲ್ಲ. ತೊಟ್ಟಿಯನ್ನು ಒಂದು ನಲ್ಲಿ ತುಂಬುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ ಎಂದರೆ, "ಆ ಎರಡನೇದನ್ನ ಮುಚ್ಚೋಕೆ ಆ ಮನೇಲಿ ಯಾರಿಗೂ ಕೈ ಇಲ್ವೇನೆ?" ಎನ್ನುತ್ತಾರೆ. ಹೊಳೆಯ ಸರಾಸರಿ ಆಳ ಮೂರು ಅಡಿ ಎಂದು ಉತ್ತರ ಬಂದರೆ, "ಸರಾಸರಿ ನಂಬಿ ಇಳಿದವ್ನು ನಡುವಲ್ಲಿ ಮುಳುಗ್ತಾನೆ, ಅದನ್ನೂ ಕೆಳಗೆ ಬರಿ" ಎಂದು ಬರೆಸುತ್ತಾರೆ. ದೋಣಿಯ ಲೆಕ್ಕ ಬಂದರಂತೂ ಅವರ ಬೆನ್ನು ನೆಟ್ಟಗಾಗುತ್ತದೆ. ಲಿಂಗನಮಕ್ಕಿಯ ಅಣೆಕಟ್ಟು ಏಳುವ ಮೊದಲು ಮೂವತ್ತು ವರ್ಷ ಶರಾವತಿಯಲ್ಲಿ ದೋಣಿ ನಡೆಸಿದವರು ಅವರು. ಪ್ರವಾಹದ ವೇಗ ಗಂಟೆಗೆ ಎರಡು ಮೈಲಿ ಎಂದು ಪುಸ್ತಕ ಹೇಳಿದರೆ, "ಎರಡಾ? ನಮ್ಮ ಹೊಳೆ ಅಷ್ಟು ಸೋಮಾರಿ ಅಲ್ಲ. ನಾಕು ಹಾಕು" ಎನ್ನುತ್ತಾರೆ. ಮಾರನೆಯ ದಿನ ಮಕ್ಕಳ ನೋಟುಪುಸ್ತಕದಲ್ಲಿ ಕೆಂಪು ಗೀಟು. ಪರೀಕ್ಷೆ ಹತ್ತಿರ ಬಂದಾಗ ಮತ್ತೊಂದು ಅಂಥದೇ ದೋಣಿಯ ಲೆಕ್ಕ ಓದಿ ನನ್ನ ಮಗಳು ನಾಗವೇಣಿ ಕೇಳಿಯೇಬಿಟ್ಟಳು: "ಮಾಸ್ತಜ್ಜ, ಇದೂ ತಪ್ಪಾದ್ರೆ ನಾ ಫೇಲಾಗ್ತೀನಿ. ನಿಮ್ಮ ಹೊಳೆ ಈಗ್ಲೂ ನಾಕು ಮೈಲಿ ಹರಿಯುತ್ತಾ?" ಅಜ್ಜ ಕಣ್ಣು ತೆರೆದರು. "ಈಗ ಕಟ್ಟೆ ಹಿಂದೆ ನಿಂತೈತೆ ಮಗಾ. ಸೊನ್ನೆ" ಎಂದರು. ಆಮೇಲೆ ಪುಸ್ತಕವನ್ನು ಅವಳತ್ತ ಸರಿಸಿ ನಕ್ಕರು. "ಪುಸ್ತಕದಾಗೆ ಎರಡು ಅಂತ ಐತಲ್ಲ, ಅಷ್ಟಾದ್ರೂ ಹರೀಲಿ. ಎರಡೇ ಬರಿ."