ಗಿರಿಜಕ್ಕನ ಅರ್ಧ ಸುತ್ತು

ಗಿರಿಜಕ್ಕ ಕಾರಿನಲ್ಲಿ ಕೂತ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಿದ್ದೆಗಲ್ಲ. ಗಂಡ ಮಹೇಶಣ್ಣ ಮಣ್ಣು ರಸ್ತೆಯ ತಿರುವುಗಳಲ್ಲಿ ಸ್ಟೇರಿಂಗ್ ಎಳೆದಾಡುತ್ತಿದ್ದರೆ, ಈಕೆ ಪಕ್ಕದ ಸೀಟಿನಲ್ಲಿ ಸೆರಗು ಸಿಕ್ಕಿಸಿಕೊಂಡು, ಕಾರು ಎತ್ತ ವಾಲುತ್ತಿದೆ ಎಂದು ಬೆನ್ನಿನಲ್ಲೇ ತಿಳಿಯುತ್ತಿದ್ದರು. ಹಾಗೆ ಪರೀಕ್ಷೆ ಮಾಡಿ ವಾಪಸು ಬಂದು ಇಳಿಯುವ ಮೊದಲೇ ನನಗೆ ಹುಕುಂ: "ಲೋ ರವಿ, ಕಾರಿನ ಮೂತಿ ಇನ್ನೂ ಅಲ್ಲಾಡ್ತೈತೆ. ಇನ್ನರ್ಧ ಸುತ್ತು ಹಾಕು."

ನನ್ನದು ಬಾಳ್ಳುಪೇಟೆಯಲ್ಲಿ ಗ್ಯಾರೇಜು. ದಿನವಿಡೀ ಲಾರಿಗಳ ಹಾರನ್ ಕೇಳಿ ತಲೆ ಕೆಟ್ಟಿದೆ, ಮಂಡಿ ಸವೆದಿದೆ. ಈಗೀಗ ಯಾರಾದರೂ ಬಾನೆಟ್ ಎತ್ತಿದರೆ ಸಾಕು, ಸುಸ್ತಾಗುತ್ತದೆ. ಆಗಲೂ ಅಷ್ಟೇ, ಅವರ ಮನೆಗೆ ಗೊಣಗುತ್ತಲೇ ಹೋಗುತ್ತಿದ್ದೆ.

ಹೋಗದೆ ವಿಧಿಯಿರಲಿಲ್ಲ. ಮಹೇಶಣ್ಣನ ಹಳೇ ಕಾರು ಎಸ್ಟೇಟ್ ರಸ್ತೆಗಳಲ್ಲಿ ನಡೆಯುವ ರ‍್ಯಾಲಿಗೆಂದೇ ಸಿದ್ಧವಾದದ್ದು. ಅದರ ಎಂಜಿನ್ ಮೇಲೆ ಅಡ್ಡಲಾಗಿ ಒಂದು ಕಬ್ಬಿಣದ ಕಂಬಿ, ಸ್ಟ್ರಟ್ ಬಾರ್. ಮುಂದಿನ ಎರಡು ಚಕ್ರಗಳ ಸಸ್ಪೆನ್ಷನ್ನಿನ ತಲೆಗಳನ್ನು ಅದು ಅಲ್ಲಾಡದಂತೆ ಹಿಡಿದಿರುತ್ತದೆ. ನಡುವಿನ ತಿರುಪು ತಿರುಗಿಸಿ ಎಷ್ಟು ಬಿಗಿ ಬೇಕೋ ಅಷ್ಟು ಮಾಡಿಕೊಳ್ಳಬಹುದು. ಆದರೆ ಆ ಕೆಲಸಕ್ಕೆ ಕಾರು ಮಟ್ಟಸ ನೆಲದಲ್ಲಿ, ತನ್ನ ಚಕ್ರಗಳ ಮೇಲೆಯೇ ನಿಂತಿರಬೇಕು. ಜಾಕ್ ಮೇಲೆ ಎತ್ತಿಟ್ಟು ಬಿಗಿದರೆ, ಇಳಿಸಿದಾಗ ಎಲ್ಲ ಎಡವಟ್ಟು. ಈ ಗುಡ್ಡದ ಸೀಮೆಯಲ್ಲಿ ಮಟ್ಟಸ ಜಾಗ ಎಲ್ಲಿದೆ ಹೇಳಿ? ಕಾಫಿ ಒಣಗಿಸುವ ಕಣವೊಂದೇ.

ಕಣವೋ, ಗಿರಿಜಕ್ಕನ ರಾಜ್ಯ. ಚಪ್ಪಲಿ ಹಾಕಿಕೊಂಡು ಯಾರೂ ಹತ್ತುವಂತಿಲ್ಲ, ಕಾರಿಗೂ ಅದೇ ಕಟ್ಟಳೆ. ಹರವಿದ ಕಾಫಿಯನ್ನು ಪಕ್ಕಕ್ಕೆ ಎಳೆದು ಜಾಗ ಮಾಡಿ, ನೀರಿನ ಪೈಪು ಹಿಡಿದು ನಿಂತುಬಿಡುವರು.

"ಟೈರ್ ತೊಳೀರಿ ಮೊದ್ಲು. ನಿಮ್ ರ‍್ಯಾಲಿ ಕೆಸರು ನನ್ ಕಾಫಿಗ್ಯಾಕೆ?"

"ಅರಿಶಿನ ಕುಂಕುಮಾನೂ ಹಚ್ಲಾ ಅಕ್ಕಾ?"

"ಹಚ್ಚು. ನಿನ್ ಕೈ ಮಸಿಗಿಂತ ವಾಸಿ."

ಅವರು ಹೇಳಿದ್ದೆಲ್ಲ ಸರಿಯಾಗಿರುತ್ತಿತ್ತು ಅಂದುಕೊಳ್ಳಬೇಡಿ. ಒಮ್ಮೆ ನಾನು ಬೇಡ ಬೇಡವೆಂದರೂ ಹಟ ಹಿಡಿದು ಅರ್ಧ ಸುತ್ತು ಹಾಕಿಸಿದರು. ಆಲೂರು ಕಡೆಯ ರ‍್ಯಾಲಿಯಲ್ಲಿ, ಒದ್ದೆ ತಿರುವಿನಲ್ಲಿ ಬಿಗಿ ಹೆಚ್ಚಾದ ಕಾರು ತಿರುಗಲೇ ಇಲ್ಲ, ಸೀದಾ ಕಾಫಿ ಗಿಡಗಳೊಳಗೆ ನುಗ್ಗಿತು. ಬೇಲಿ ಬಳಿ ನೋಡುತ್ತ ನಿಂತಿದ್ದ ಅಕ್ಕ ಓಡಿ ಹೋಗಿ ಗಂಡನಿಗೆ ವಾಚಾಮಗೋಚರ ಬೈದರು. ಮಾರನೇ ದಿನ ನನಗೆ ಫೋನು: "ನಂದೇ ಜಾಸ್ತಿ ಆಯ್ತು ಕಣೋ. ಇವ್ರಿಗೆ ಹೇಳ್ಬೇಡ, ಬೈದು ಆಗೋಗೈತೆ."

ಅಂಥವರಿಗೆ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್ ಎಂದು ವಾರ ವಾರವೂ ಹಾಸನಕ್ಕೆ ಅಲೆದಾಟ. ವಾಪಸು ಬರುವಾಗ ಬಾಡಿದ ಸೊಪ್ಪಿನಂತಾಗಿರುತ್ತಿದ್ದರು. ಒಂದು ದಿನ ಮಹೇಶಣ್ಣ ಗ್ಯಾರೇಜಿಗೆ ಬಂದು, "ಆ ಬಾರ್ ಬಿಚ್ಚಾಕ್ಬುಡು ಮಾರಾಯ. ಸ್ಪ್ರಿಂಗೂ ಮೆತ್ತಗಿರೋವು ಹಾಕು. ಗುಂಡಿಗೆ ಇಳಿದಾಗೆಲ್ಲ ಹಲ್ಲು ಕಚ್ಕೊಂಡು ಕೂರ್ತಾಳೆ, ನನ್ ಕೈಲಿ ನೋಡಕ್ಕಾಗಲ್ಲ" ಎಂದರು. ರ‍್ಯಾಲಿ ಬಿಟ್ಟೆ ಎಂದು ಬೇರೆ ಹೇಳಬೇಕಿರಲಿಲ್ಲ. ಬಿಚ್ಚಿಕೊಟ್ಟೆ.

ಸ್ವಲ್ಪ ದಿನಕ್ಕೇ ಫೋನು ಬಂತು.

"ಯಾವನೋ ಅವ್ನು, ನನ್ ಕಾರು ಸಡ್ಲ ಮಾಡ್ದೋನು?" ಗಿರಿಜಕ್ಕನ ದನಿಯಲ್ಲಿ ತ್ರಾಣವಿರಲಿಲ್ಲ, ದರ್ಪ ಮಾತ್ರ ಹಾಗೇ ಇತ್ತು. "ತಿರುವು ಬಂದಾಗೆಲ್ಲ ತೊಟ್ಲು ತೂಗ್ದಂಗೆ ತೂಗ್ತೈತೆ. ದಾರಿ ಉದ್ದಕ್ಕೂ ವಾಂತಿ. ಗುಂಡಿ ಬೇಕಾದ್ರೆ ತಡ್ಕೋತೀನಿ, ಈ ತೂಗಾಟ ಆಗಲ್ಲ. ಬಂದು ಬಿಗಿ ಹಾಕು."

ಅಯ್ಯೋ, ಇದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲವಲ್ಲ! ಓಡಿದೆ. ಅಕ್ಕ ಕಣದ ಅಂಚಿನಲ್ಲಿ ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ಕೂತಲ್ಲಿಂದಲೇ ಟೈರ್ ತೊಳೆಸಿದರು. ಹಳೇ ಸ್ಪ್ರಿಂಗು, ಬಾರು ಮತ್ತೆ ಕೂರಿಸಿದೆ. ಗಂಡನ ಜೊತೆ ಕಾರಿನಲ್ಲಿ ರಸ್ತೆಯ ಆಲದ ಮರದವರೆಗೆ ಹೋಗಿ ಬಂದರು, ಕಣ್ಣು ಮುಚ್ಚಿಕೊಂಡೇ. ನಾನು ಸ್ಪ್ಯಾನರ್ ಹಿಡಿದು ಕಾಯುತ್ತಿದ್ದೆ.

"ಇಷ್ಟು ಸಾಕು."

"ಇನ್ನರ್ಧ ಸುತ್ತು ಬೇಡ್ವಾ ಅಕ್ಕಾ?"

"ಬ್ಯಾಡ ಕಣೋ. ಸುಸ್ತು."

ಅವರನ್ನು ನಾನು ನೋಡಿದ್ದು ಅದೇ ಕೊನೆ.

ಅಕ್ಕ ಹೋದ ಮೇಲೆ ಕಾರು ಶೆಡ್ಡಿನಲ್ಲೇ ಧೂಳು ತಿನ್ನುತ್ತಿತ್ತು. ಈ ಸಲ ಕುಯ್ಲು ಮುಗಿದ ಮೇಲೆ, ಅದನ್ನು ಮತ್ತೆ ರಸ್ತೆಗಿಳಿಸಬೇಕೆಂದು ಮಹೇಶಣ್ಣ ಕರೆಸಿದರು. ಕಣ ಖಾಲಿ ಬಿದ್ದಿತ್ತು, ಒಂದು ಕಾಳು ಕಾಫಿ ಇಲ್ಲ. ಆದರೂ ಇಬ್ಬರೂ ಚಪ್ಪಲಿ ಬಿಟ್ಟೆವು. ಟೈರ್ ತೊಳೆದೆವು. ಬಾನೆಟ್ ಎತ್ತಿ ತಿರುಪಿಗೆ ಸ್ಪ್ಯಾನರ್ ಕೂರಿಸಿ, "ಎಷ್ಟು ಬಿಗಿ ಮಾಡ್ಲಿ ಅಣ್ಣ?" ಎಂದು ಕೇಳಿದೆ.

ಮಹೇಶಣ್ಣ ಎಡಗಡೆಯ ಸೀಟನ್ನೇ ನೋಡುತ್ತ ನಿಂತರು.

"ನಂಗೇನ್ ಗೊತ್ತಾಯ್ತದೆ ಮಾರಾಯ," ಎಂದರು. "ನಾನು ಬರೀ ಓಡಿಸ್ತಿದ್ದೆ."