ಶನಿವಾರದ ಮಳೆ ಮತ್ತು ನನ್ನ ತೆಂಗಿನಕಾಯಿ

ಹೆಂಡತಿಯಿಂದ ಮುಚ್ಚಿಟ್ಟ ಸಂಗತಿಗಳು ನನ್ನ ಬಳಿ ಹೆಚ್ಚಿಲ್ಲ. ಕಾಲೇಜಿನ ಕ್ಯಾಂಟೀನಿನಲ್ಲಿ ಸಕ್ಕರೆ ಹಾಕಿದ ಚಹಾ ಕುಡಿಯುವುದು ಒಂದು. ಅದು ಅವಳಿಗೆ ಹೇಗೋ ಗೊತ್ತಾಗಿದೆ. ಇನ್ನೊಂದು ಸ್ವಲ್ಪ ದೊಡ್ಡದು. ಪ್ರತಿ ಶುಕ್ರವಾರ ಸಂಜೆ ಕರಿಬೇವು, ಉದ್ದಿನಬೇಳೆ ತರುವ ನೆಪದಲ್ಲಿ ಕೌಲಾಲಂಪುರದ ಭಾರತೀಯರ ಪೇಟೆ ಬ್ರಿಕ್‌ಫೀಲ್ಡ್ಸಿಗೆ ಹೋದವನು ಅಲ್ಲಿನ ಗಣಪತಿ ಗುಡಿಗೆ ನುಗ್ಗಿ, ಒಂದು ತೆಂಗಿನಕಾಯಿ ಒಡೆದು, ನಾಳೆ ಮಳೆ ಸುರಿಯಲಿ ಸ್ವಾಮೀ ಎಂದು ಬೇಡಿಕೊಂಡು ಬರುತ್ತಿದ್ದೆ.

ಮಳೆ ಬೇಡಲು ನನಗೆ ಗದ್ದೆಯಿಲ್ಲ, ತೋಟವಿಲ್ಲ. ಬಾಂಗ್ಸಾರಿನ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಎರಡು ತುಳಸಿ, ಒಂದು ಮಲ್ಲಿಗೆ ಇವೆ, ಅಷ್ಟೇ. ಅವಕ್ಕೂ ನಾನು ಬಾಗಿಲ ಒಳಗೆ ನಿಂತು ಕೈ ಚಾಚಿ ನೀರು ಹಾಕುತ್ತೇನೆ, ಬಾಲ್ಕನಿಯ ಅಂಚಿಗೆ ಹೋದರೆ ತಲೆ ಸುತ್ತುತ್ತದೆ. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತುವವಳು ಶಾಲಿನಿ. ಸ್ಟೂಲು ಹಿಡಿದುಕೊಳ್ಳುವವನು ನಾನು. ಮದುವೆಯಾದಂದಿನಿಂದ ಹೀಗೇ ನಡೆದುಕೊಂಡು ಬಂದಿತ್ತು. ನಲವತ್ತಾರನೇ ವಯಸ್ಸಿನಲ್ಲಿ ಅವಳು ಸ್ಟೂಲು ಬಿಟ್ಟು ವಿಮಾನ ಹತ್ತಿದಳು, ಹತ್ತಿ ಅದರಿಂದ ಹಾರಿದಳು. ಅಲ್ಲಿ ಹಿಡಿದುಕೊಳ್ಳಲು ನನಗೆ ಏನೂ ಸಿಗಲಿಲ್ಲ. ಅದಕ್ಕೇ ದೇವರನ್ನು ಹಿಡಿದುಕೊಂಡೆ.

ಅವಳನ್ನು ಈ ಸ್ಕೈಡೈವಿಂಗ್‌ಗೆ ಎಳೆದವನು ನಮ್ಮ ಮಂಗಳೂರಿನ ಐವನ್. ಆತ ವಿಮಾ ಕಂಪೆನಿಯಲ್ಲಿದ್ದಾನೆ. ಊರಿನವರೆಲ್ಲ ಜಾಗ್ರತೆಯಾಗಿರಬೇಕೆಂದು ವಾರವಿಡೀ ಉಪದೇಶ ಮಾಡಿ, ವಾರದ ಕೊನೆಯಲ್ಲಿ ಹತ್ತು ಸಾವಿರ ಅಡಿಯಿಂದ ಹಾರುವ ಮನುಷ್ಯನ ಬಗ್ಗೆ ಏನು ಹೇಳುವುದು? ಶಾಲಿನಿಯದೂ ಅದೇ ಕಥೆ. ಸೈಬರ್‌ಜಯಾದಲ್ಲಿ ಸಾಲುಸಾಲು ಕಂಪ್ಯೂಟರುಗಳು ನಿಂತುಹೋಗದಂತೆ ನೋಡಿಕೊಳ್ಳುವುದು ಅವಳ ಉದ್ಯೋಗ. ಕಿಟಕಿಯಿಲ್ಲದ ತಣ್ಣನೆಯ ಕೋಣೆಯಲ್ಲಿ ಐದು ದಿನ ಕೂತವಳಿಗೆ ಆರನೆಯ ದಿನ ಆಕಾಶ ಬೇಕೆನಿಸಿದ್ದು ತಪ್ಪಲ್ಲ. ಆದರೆ ಆಕಾಶವನ್ನು ನೆಲದಿಂದಲೂ ನೋಡಬಹುದಲ್ಲ ಎಂಬುದು ನನ್ನ ವಾದ.

ನಾನು ಅಂಗರಚನಾಶಾಸ್ತ್ರದ ಮೇಷ್ಟ್ರು. ಉಡುಪಿಯಿಂದ ಬಂದು ಇಲ್ಲಿನ ವೈದ್ಯಕೀಯ ಕಾಲೇಜು ಸೇರಿ ಬಹಳ ವರ್ಷಗಳಾದವು. ಮನುಷ್ಯನ ಮೂಳೆ ಎಷ್ಟು ಸುಲಭವಾಗಿ ಮುರಿಯುತ್ತದೆ ಎಂಬುದು ಉಳಿದ ಗಂಡಂದಿರಿಗೆ ಅಂದಾಜು, ನನಗೆ ಪಾಠ. ಹೀಗಾಗಿ ಶನಿವಾರ ಬೆಳಿಗ್ಗೆ ಅವಳೊಬ್ಬಳನ್ನೇ ಕಳಿಸುವ ಧೈರ್ಯವಾಗದೆ ನಾನೂ ಕಾರಿನಲ್ಲಿ ಕೂರುತ್ತಿದ್ದೆ. ಕೌಲಾಲಂಪುರದಿಂದ ದಕ್ಷಿಣಕ್ಕೆ ಎರಡೂವರೆ ಗಂಟೆಯ ದಾರಿ. ಎಣ್ಣೆತಾಳೆ ತೋಟಗಳ ನಡುವೆ ಒಂದು ಪುಟ್ಟ ರನ್‌ವೇ, ಒಂದು ತಗಡಿನ ಶೆಡ್ಡು, ಪಕ್ಕದಲ್ಲಿ ಒಂದು ಮಾಮಕ್ ಹೋಟೆಲು, ಅಂದರೆ ತಮಿಳು ಮುಸ್ಲಿಮರ ಚಹಾದಂಗಡಿ.

ಮೊದಲ ದಿನ ನಾನು ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಸಾವನ್ನು ಎದುರು ಹಾಕಿಕೊಂಡವರ ನಡುವೆ ಕೂರುತ್ತಿದ್ದೇನೆ, ಮಾತೆಲ್ಲ ಜೀವ, ಧೈರ್ಯ, ಅನಂತ ಇತ್ಯಾದಿಗಳ ಸುತ್ತ ಇದ್ದೀತು ಎಂದುಕೊಂಡಿದ್ದೆ. ಅಲ್ಲಿ ನಡೆಯುತ್ತಿದ್ದದ್ದು ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದು ಎಂಬ ಚರ್ಚೆ. ಮೇ ಲಿಂಗ್ ಎಂಬ ಶಾಲಾ ಶಿಕ್ಷಕಿ ನೆರಳಲ್ಲಿ ಚಾಪೆ ಹಾಸಿಕೊಂಡು ಮಕ್ಕಳ ನೋಟ್‌ಬುಕ್ಕು ತಿದ್ದುತ್ತ, ತನ್ನ ಅತ್ತೆ ಫ್ರಿಜ್ಜಿನಲ್ಲಿ ಮನೆಯೆಲ್ಲ ನಾರುವ ಡುರಿಯನ್ ಹಣ್ಣು ಇಟ್ಟ ಕಥೆ ಹೇಳುತ್ತಿದ್ದಳು. ಇವರ ಗುರು ಪಾಕ್ ಕಮಾಲ್, ಅರವತ್ತು ದಾಟಿದ ನಿವೃತ್ತ ಸೈನಿಕರು. ಇಲ್ಲಿ ಹಿರಿಯರನ್ನು ಪಾಕ್ ಅನ್ನುತ್ತಾರೆ, ನಾವು ದೊಡ್ಡಪ್ಪ ಅಂದ ಹಾಗೆ. ಅವರು ಕಣ್ಣು ಮುಚ್ಚಿಕೊಂಡೇ, ಡುರಿಯನ್ನಿಗಿಂತ ಅತ್ತೆಯನ್ನು ಇಡುವ ಜಾಗ ಕಷ್ಟ ಎಂದರು.

ಈ ಆಟಕ್ಕೆ ಹಾರಾಟ ಎಂದು ಹೆಸರಿಟ್ಟವರು ಯಾರೋ, ನಾನಾಗಿದ್ದರೆ ಕೂರಾಟ ಎನ್ನುತ್ತಿದ್ದೆ. ಗಾಳಿ ಹೆಚ್ಚಾದರೆ ಕೂರಬೇಕು, ಮೋಡ ಕೆಳಗಿಳಿದರೆ ಕೂರಬೇಕು, ವಿಮಾನಕ್ಕೆ ಎಣ್ಣೆ ಹಾಕುವಾಗ ಕೂರಬೇಕು. ಗಾಳಿಯಲ್ಲಿ ಬೀಳುವ ಸುಖ ಒಂದು ನಿಮಿಷವೂ ಇಲ್ಲ. ಅದರ ಕಥೆ ಮಾತ್ರ ಒಂದು ಗಂಟೆ. ಕಥೆ ಹೇಳುವಾಗ ಅವರ ಎರಡು ಅಂಗೈಗಳು ಇಬ್ಬರು ಮನುಷ್ಯರಾಗುತ್ತವೆ: ಈ ಕೈ ನಾನು, ಆ ಕೈ ಐವನ್. ಕೈಗಳು ಹತ್ತಿರ ಬರುತ್ತವೆ, ವಾಲುತ್ತವೆ, ದೂರ ಸರಿಯುತ್ತವೆ. ಮೀನು ಹಿಡಿಯುವವರ ಕಥೆಯಲ್ಲಿ ಮೀನು ಬೆಳೆಯುವಂತೆ ಇಲ್ಲಿ ವಾರದಿಂದ ವಾರಕ್ಕೆ ಮೋಡ ಬೆಳೆಯುತ್ತದೆ. ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ಮುಂದಿನ ಕಥೆ ತಮ್ಮದೇ ಇರುತ್ತದೆಂಬ ಮುಂದಾಲೋಚನೆ ಇದ್ದೀತು.

ಇಷ್ಟು ಸಡಿಲ ಜನರಲ್ಲಿ ಎರಡು ನಿಯಮಗಳು ಮಾತ್ರ ಬಿಗಿಯಾಗಿದ್ದವು. ಒಂದು ಬೆನ್ನಿನದು. ವಿಮಾನ ಹತ್ತುವ ಮೊದಲು ಪ್ರತಿಯೊಬ್ಬರೂ ಇನ್ನೊಬ್ಬರ ಮುಂದೆ ಬೆನ್ನು ತಿರುಗಿಸಿ ನಿಲ್ಲಬೇಕು. ಪ್ಯಾರಾಚೂಟನ್ನು ಮುಚ್ಚಿಟ್ಟ ಎರಡು ಪಿನ್ನುಗಳು ಬೆನ್ನ ಮೇಲಿನ ಚೀಲದಲ್ಲಿರುತ್ತವೆ. ಅವು ನೆಟ್ಟಗೆ ಕೂತಿವೆಯೇ ಎಂದು ಮತ್ತೊಬ್ಬರ ಕಣ್ಣು ನೋಡಿ, ಭುಜದ ಮೇಲೆ ಎರಡು ಸಲ ತಟ್ಟಬೇಕು. ಸಾವಿರ ಸಲ ಹಾರಿದ ಪಾಕ್ ಕಮಾಲ್ ಕೂಡ ನಿನ್ನೆ ಕಲಿತವರ ಮುಂದೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆಯನ್ನು ನಾವು ಬೇರೆಯವರನ್ನು ಹಂಗಿಸಲು ಬಳಸುತ್ತೇವೆ. ಇವರು ಅದನ್ನು ಹಾಗೆಯೇ ಒಪ್ಪಿಕೊಂಡು, ಹಾಗಿದ್ದರೆ ನೀನು ನೋಡು ಎನ್ನುತ್ತಾರೆ. ವರ್ಷವರ್ಷ ಬೆನ್ನಿನ ಸ್ನಾಯುಗಳನ್ನು ಬೋಧಿಸಿದ ನನಗೆ ಈ ಉಪಯೋಗ ಹೊಳೆದಿರಲಿಲ್ಲ.

ಎರಡನೆಯದು ಮೊದಲ ಸಲದ ನಿಯಮ. ಆ ಬಯಲಲ್ಲಿ ಯಾರು ಏನನ್ನಾದರೂ ಮೊದಲ ಸಲ ಮಾಡಿದರೂ ಎಲ್ಲರಿಗೂ ತಿನ್ನಿಸಬೇಕು. ಬೇರೆ ದೇಶಗಳಲ್ಲಿ ಇದಕ್ಕೆ ಬಿಯರು ನಡೆಯುತ್ತದಂತೆ. ಇಲ್ಲಿ ನಾನಾ ಮತದ ಜನ, ಹಾಗಾಗಿ ಮಕಾನ್, ಅಂದರೆ ತಿಂಡಿ. ಮೊದಲ ಸಲ ಒಬ್ಬಳೇ ಹಾರಿದ್ದಕ್ಕೆ ಶಾಲಿನಿ ನೀರುದೋಸೆ ಮಾಡಿಕೊಂಡು ಹೋದಳು. ಮೊದಲ ಸಲ ತಾಳೆಮರದಲ್ಲಿ ಸಿಕ್ಕಿಕೊಂಡದ್ದಕ್ಕೆ ಐವನ್ ತೆಂಗಿನಹಾಲಿನ ಅನ್ನ, ನಾಸಿ ಲೆಮಾಕ್ ಹಂಚಿದ. ಎಲ್ಲರ ತಿಂಡಿಯನ್ನೂ ತಿಂದು, ಒಮ್ಮೆಯೂ ತಿನ್ನಿಸದವನು ನಾನೊಬ್ಬನೇ. ಏನನ್ನೂ ಮೊದಲ ಸಲ ಮಾಡುವ ಪ್ರಸಂಗ ನನಗೆ ಬರಲಿಲ್ಲ.

ಕಳೆದ ವರ್ಷ ಒಂದು ಮಧ್ಯಾಹ್ನ ಶಾಲಿನಿ ಇಳಿಯುವಾಗ ಗಾಳಿ ದಿಕ್ಕು ಬದಲಿಸಿತು. ಅವಳು ನೆಲ ಹತ್ತಿರವಿದೆಯೆಂದು ಒಂದು ಕಾಲು ಮುಂದೆ ಚಾಚಿದಳು. ನೆಲ ಅಂದುಕೊಂಡದ್ದಕ್ಕಿಂತ ಹತ್ತಿರವಿತ್ತು. ಪಾದದ ಗಂಟು ಎರಡು ಕಡೆ ಮುರಿಯಿತು. ನಾನು ಓಡಿದೆ, ನನಗಿಂತ ಮೊದಲು ಉಳಿದವರೆಲ್ಲ ಓಡಿದ್ದರು. ಮುಂದಿನ ಎಂಟು ತಿಂಗಳು ಪ್ಲಾಸ್ಟರು, ಊರುಗೋಲು, ವ್ಯಾಯಾಮ. ಗಣಪತಿಗೆ ಆ ಎಂಟು ತಿಂಗಳು ತೆಂಗಿನಕಾಯಿ ಇರಲಿಲ್ಲ, ಬೇಡುವ ಕೆಲಸವೇ ಇರಲಿಲ್ಲ. ನಾಚಿಕೆಯಿಂದ ಹೇಳುತ್ತೇನೆ, ಆ ದಿನಗಳಲ್ಲಿ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಮೂಳೆ ಕೂಡಿದೆ, ಏನು ಬೇಕಾದರೂ ಮಾಡಬಹುದು ಎಂದು ಮೂಳೆಯ ಡಾಕ್ಟರು ಹೇಳಿದ ಮರುದಿನ ಅವಳು ಪಾಕ್ ಕಮಾಲರಿಗೆ ಫೋನು ಮಾಡಿದಳು. ನಾನು ಮಗಳ ಬಳಿ ದೂರಿದೆ. ಇಲ್ಲೇ ಹುಟ್ಟಿ ಬೆಳೆದ ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಲ್ಲಿನವರಂತೆ ಲಾ ಸೇರಿಸಿದ ಇಂಗ್ಲಿಷಿನಲ್ಲಿ. "ಅಮ್ಮ ಈಸ್ ಫೈನ್ ಲಾ, ಅಪ್ಪಾ. ಯೂ ಆರ್ ದ ಪ್ರಾಬ್ಲಂ" ಎಂದಳು. ಉಳಿದದ್ದು ಗಣಪತಿ ಒಬ್ಬನೇ.

ನನ್ನ ಪ್ರಾರ್ಥನೆ ಫಲಿಸಿತು. ಒಂದಲ್ಲ, ಸಾಲಾಗಿ ಮೂರು ಶನಿವಾರ ಮಳೆ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು: ಮಲೇಷ್ಯಾದಲ್ಲಿ ಮಧ್ಯಾಹ್ನದ ಮಳೆ ಬೇಡುವುದು ಸಮುದ್ರದ ದಂಡೆಯಲ್ಲಿ ನಿಂತು ಉಪ್ಪು ಬೇಡಿದಂತೆ. ನಮ್ಮ ನಾಡಿನಲ್ಲಿ ಮಳೆ ಬಾರದಿದ್ದರೆ ಕಪ್ಪೆಗೆ ಮದುವೆ ಮಾಡಿಸುತ್ತಾರೆ. ಇಲ್ಲಿ ಮದುವೆಮನೆಗೆ ಮಳೆ ಬಾರದಿರಲೆಂದು ಪವಾಂಗ್ ಹುಜಾನ್ ಎಂಬ ಮಂತ್ರವಾದಿಯನ್ನು ಕರೆಸುವವರಿದ್ದಾರೆ. ಅಲ್ಲಿ ಮದುವೆ ಮಾಡಿ ಮಳೆ, ಇಲ್ಲಿ ಮಳೆ ತಡೆದು ಮದುವೆ. ಈ ಎರಡು ದೇಶಗಳ ನಡುವೆ, ತಾನಾಗಿಯೇ ಬರುವ ಮಳೆಯನ್ನು ತೆಂಗಿನಕಾಯಿ ಕೊಟ್ಟು ಕರೆಸಿದ ಗಂಡ ನಾನೊಬ್ಬನೇ ಇರಬೇಕು.

ಮೂರನೆಯ ಶನಿವಾರ ಶೆಡ್ಡಿನ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ನಾನು ಒಳಗೊಳಗೇ ಹಿಗ್ಗುತ್ತ ಇಲ್ಲಿನ ನೊರೆ ಚಹಾ ತೇ ತಾರಿಕ್ ಕುಡಿಯುತ್ತಿದ್ದೆ, ಸಕ್ಕರೆ ಹಾಕಿದ್ದೇ. ಐವನ್ ಪಕ್ಕಕ್ಕೆ ಬಂದು ಕೂತ.

"ಎಂತ ಡಾಕ್ಟ್ರೇ, ಮಳೆ ಬಂದ್ರೆ ನಿಮ್ಮ ಮುಖದಲ್ಲಿ ಬಿಸಿಲು ಬರ್ತದಲ್ಲ."

ನಾನು ಇಲ್ಲವೆಂದೆ.

"ಹೇಳಿ ಮಾರಾಯ್ರೆ, ಎಂತ ನಾಚಿಕೆ? ನಮ್ಮ ಮಮ್ಮಿ ಮಂಗಳೂರಲ್ಲಿ ಕೂತು ಶನಿವಾರ ಮಳೆ ಬರ್ಲಿಕ್ಕೆ ಅಂತಲೇ ಜಪಮಾಲೆ ಹಿಡೀತಾರೆ. ಮೇ ಲಿಂಗ್‌ನ ಗಂಡ ಊದುಬತ್ತಿ ಹಚ್ತಾನೆ. ಪಾಕ್ ಕಮಾಲರ ಹೆಂಡ್ತಿ ಇಪ್ಪತ್ತು ವರ್ಷ ಬೇಡಿದ್ದಾರಂತೆ. ಈ ದೇಶದಲ್ಲಿ ಇಷ್ಟು ಮಳೆ ಸುಮ್ಮನೆ ಬರ್ತದಾ?"

ನಾನು ನಕ್ಕೆ. ಅವನು ನಗಲಿಲ್ಲ. ಗಲ್ಲವೆತ್ತಿ ಶೆಡ್ಡಿನ ಅಂಚನ್ನು ತೋರಿಸಿದ. ಶಾಲಿನಿ ಅಲ್ಲಿ ನಮಗೆ ಬೆನ್ನು ಮಾಡಿ ಕೂತಿದ್ದಳು. ಹಾರುವ ಉಡುಪು ಹಾಕಿಕೊಂಡೇ ಇದ್ದಳು, ಬೆಳಿಗ್ಗೆಯಿಂದ ಬಿಚ್ಚಿರಲಿಲ್ಲ. ಮಳೆ ನೋಡುತ್ತಿದ್ದಳು. ಭುಜಗಳು ಇಳಿದುಹೋಗಿದ್ದವು.

"ಅವರಿಗೆ ಹೆದರಿಕೆ ಉಂಟು ಡಾಕ್ಟ್ರೇ" ಎಂದ ಐವನ್ ಮೆಲ್ಲಗೆ. "ಬಿದ್ದ ಮೇಲೆ ಮೊದಲ್ನೇ ಸಲ ಅಲ್ವಾ. ಒಮ್ಮೆ ಹಾರಿದ್ರೆ ಹೋಗ್ತದೆ. ಹೀಗೆ ವಾರ ವಾರ ಕೂತ್ರೆ ಬೆಳೀತದೆ. ಇನ್ನೊಂದು ವಾರ ಹೀಗಾದ್ರೆ ಬಿಡ್ತೇನೆ ಅಂತಿದ್ರು."

ನನಗೆ ಬೇಕಾದದ್ದು ಅದೇ ಅಲ್ಲವೇ? ಇನ್ನೊಂದು ತೆಂಗಿನಕಾಯಿ, ಇನ್ನೊಂದು ಮಳೆ, ಕೆಲಸ ಮುಗಿಯಿತು. ಆದರೆ ಆ ಬೆನ್ನನ್ನು ನೋಡಿ ನನಗೆ ತುಂಬ ಸಂಕಟವಾಯಿತು. ಸ್ಟೂಲಿನ ಮೇಲೆ ನಿಂತು ಬಲ್ಬು ತಿರುಗಿಸುವಾಗ ನಾನು ಕೆಳಗಿನಿಂದ ನೋಡುತ್ತಿದ್ದ ಬೆನ್ನು ಅದು. ಯಾವತ್ತೂ ಹೀಗೆ ಕುಗ್ಗಿದ್ದು ಕಂಡಿರಲಿಲ್ಲ. ಅವಳ ಕಾಲು ಗಾಳಿಯಿಂದ ಮುರಿದಿತ್ತು. ಇದನ್ನು ಮುರಿಯುತ್ತಿದ್ದವನು ನಾನು. ಮುಂದಿನ ಶುಕ್ರವಾರ ನಾನು ಬ್ರಿಕ್‌ಫೀಲ್ಡ್ಸಿಗೆ ಹೋಗಲಿಲ್ಲ. ಸಾಂಬಾರು ಕರಿಬೇವಿಲ್ಲದೆ ಆಯಿತು.

ನಾಲ್ಕನೆಯ ಶನಿವಾರ ಮಧ್ಯಾಹ್ನದವರೆಗೂ ಗಾಳಿ. ಎರಡರ ಹೊತ್ತಿಗೆ ಅದು ತಗ್ಗಿತು, ಪಶ್ಚಿಮದಲ್ಲಿ ತಾಳೆ ತೋಟದ ಮೇಲೆ ಕಪ್ಪು ಮೋಡವೊಂದು ತಲೆ ಎತ್ತಿತು. ಪಾಕ್ ಕಮಾಲ್ ಅದನ್ನು ನೋಡಿ, ಇನ್ನೂ ಒಂದು ಗಂಟೆ ದೂರವಿದೆ ಲಾ, ಹೋಗೋಣ ಎಂದರು. ಅವರೂ ಅವಳ ಜೊತೆ ಹಾರುವವರಿದ್ದರು. ಅವಳ ಬೆನ್ನನ್ನು ಅವರೇ ನೋಡಿ ಭುಜ ತಟ್ಟಿದರು. ಅಲ್ಲಿಗೆ ಕ್ರಮ ಮುಗಿದಿತ್ತು. ಶಾಲಿನಿ ವಿಮಾನದ ಕಡೆ ನಾಲ್ಕು ಹೆಜ್ಜೆ ಹಾಕಿದವಳು ನಿಂತಳು. ತಿರುಗಿ ನಾನು ಕೂತಲ್ಲಿಗೆ ಬಂದಳು, ಬಂದು ಬೆನ್ನು ಕೊಟ್ಟು ನಿಂತಳು.

"ನೀವೂ ಒಮ್ಮೆ ನೋಡಿ."

ಪಾಕ್ ಕಮಾಲ್ ದೂರದಿಂದಲೇ ಆಗಲಿ ಎಂಬಂತೆ ತಲೆಯಾಡಿಸಿದರು. ಎದ್ದೆ. ಮೂರು ವರ್ಷ ಕೂತು ನೋಡಿದ್ದು ಕೈಗೆ ಗೊತ್ತಿತ್ತು. ಚೀಲದ ಕೆಳಗಿನ ಮುಚ್ಚಳ ಎತ್ತಿದೆ: ಪಿನ್ನು ಪೂರ್ತಿ ಒಳಗೆ ಕೂತಿದೆ. ಮೇಲಿನದನ್ನು ಎತ್ತಿದೆ: ಆಪತ್ತಿನ ಪ್ಯಾರಾಚೂಟಿನ ಪಿನ್ನು, ಅದರ ಕೆಂಪು ನೂಲು, ಮುದ್ರೆ, ಎಲ್ಲ ಹಾಗೆಯೇ ಇದೆ. ಮತ್ತೊಮ್ಮೆ ನೋಡಿದೆ. ಅವಳ ಬೆನ್ನು ನಡುಗುತ್ತಿದೆಯೆಂದು ಆಗ ತಿಳಿಯಿತು. ಏನಾದರೂ ದೊಡ್ಡ ಮಾತು ಹೇಳಬೇಕೆನಿಸಿತು. "ಎಲ್ಲ ಸರಿ ಉಂಟು" ಎಂದು ಎರಡು ಸಲ ಭುಜ ತಟ್ಟಿದೆ. ಅವಳು ಹಿಂತಿರುಗಿ ನೋಡದೆ ಹೋದಳು.

ವಿಮಾನ ಮೇಲೇರಲು ಇಪ್ಪತ್ತು ನಿಮಿಷ ಬೇಕು. ಮೋಡಕ್ಕೆ ಪಾಕ್ ಕಮಾಲರ ಲೆಕ್ಕ ಗೊತ್ತಿರಲಿಲ್ಲವೋ ಏನೋ, ಬೇಗ ಬೇಗ ಬರುತ್ತಿರುವಂತೆ ನನಗೆ ಕಂಡಿತು. ತೆಂಗಿನಕಾಯಿ ಇರಲಿಲ್ಲ, ಗುಡಿ ಇರಲಿಲ್ಲ. ರನ್‌ವೇಯ ಪಕ್ಕ ಹುಲ್ಲಿನಲ್ಲಿ ನಿಂತು, ಸ್ವಲ್ಪ ತಡಿ ಮಾರಾಯ, ಅರ್ಧ ಗಂಟೆ ತಡಿ ಎಂದು ಗಣಪತಿಯನ್ನು ಬೇಡಿದೆ. ಮೂರು ವರ್ಷದ ಅರ್ಜಿಗಳನ್ನೆಲ್ಲ ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಮೇಲೆ ಎರಡು ಚುಕ್ಕಿಗಳು ಕಂಡವು. ಆಮೇಲೆ ಎರಡು ಕೊಡೆಗಳು ಅರಳಿದವು, ನೀಲಿಯದು ಶಾಲಿನಿಯದು. ಅದು ಸುತ್ತಿ ಸುತ್ತಿ ಇಳಿದು ಬಂತು. ನೆಲದ ಹತ್ತಿರ ಶಾಲಿನಿ ಈ ಸಲ ಕಾಲು ಚಾಚಲಿಲ್ಲ. ಎರಡು ಕಾಲನ್ನೂ ಜೋಡಿಸಿ, ಹುಲ್ಲಿನ ಮೇಲೆ ಕುಂಡೆಯೂರಿ ಜಾರಿ, ಹಾಗೆಯೇ ಕೂತು ಜೋರಾಗಿ ನಗತೊಡಗಿದಳು. ನಾನು ಓಡಿ ಹೋಗಿ ಪಾದದ ಗಂಟು ಮುಟ್ಟಿ ನೋಡಿದೆ, ಮೇಷ್ಟ್ರ ಅಭ್ಯಾಸ. "ಅದು ಸರಿ ಉಂಟು, ಬಿಡಿ. ನೀವು ಯಾಕೆ ಅಳ್ತೀರಿ?" ಎಂದಳು.

ಮಳೆ ಕಾಲು ಗಂಟೆ ಬಿಟ್ಟು ಬಂತು. ಎಲ್ಲರೂ ಶೆಡ್ಡಿನಲ್ಲಿ ಕೂತಾಗ ನಾನು ಎದ್ದು ನಿಂತು ತೆಂಗಿನಕಾಯಿಯ ಕಥೆಯನ್ನು ಪೂರ್ತಿ ಒಪ್ಪಿಸಿದೆ. ಶಾಲಿನಿಗೆ ಆಶ್ಚರ್ಯವೇ ಆಗಲಿಲ್ಲ. "ಗೊತ್ತಿತ್ತು. ನಾಳೆ ಮಳೆ ಅಂತ ಫೋನಲ್ಲಿ ನೋಡಿದ್ರೆ ಇವರು ಶಿಳ್ಳೆ ಹಾಕ್ತಾರೆ. ಅದೂ ಅಲ್ಲದೆ ವಾರ ವಾರ ಒಡೆದ ತೆಂಗಿನಕಾಯಿ ಯಾವ ಅಂಗಡಿಯವ ಕೊಡ್ತಾನೆ?" ಅಷ್ಟು ವಾರ ನಾನು ತಿಂದ ಚಟ್ನಿಯೇ ನನ್ನ ಮೇಲೆ ಸಾಕ್ಷಿ ಹೇಳಿತ್ತು.

ಪಾಕ್ ಕಮಾಲ್ ಕಣ್ಣು ಮುಚ್ಚಿಕೊಂಡೇ ತೀರ್ಪು ಕೊಟ್ಟರು. ಡಾಕ್ಟರು ಮೊದಲ ಸಲ ಬೆನ್ನು ನೋಡಿದ್ದಾರೆ, ಮೊದಲ ಸಲ ಬಿಸಿಲು ಬೇಡಿದ್ದಾರೆ. ಮಕಾನ್ ಅವರದು. ಐವನ್ ತಕ್ಷಣ ಮಂಗಳೂರು ಬನ್ಸೇ ಆಗಬೇಕು, ಅದೂ ಡಾಕ್ಟರೇ ಕೈಯಾರೆ ಮಾಡಬೇಕು ಎಂದು ತಿದ್ದುಪಡಿ ತಂದ. ಮೇ ಲಿಂಗ್ ಕೆಂಪು ಪೆನ್ನಿನಲ್ಲಿ ಅದನ್ನು ಯಾವುದೋ ಮಗುವಿನ ನೋಟ್‌ಬುಕ್ಕಿನ ಹಿಂದೆ ಬರೆದುಕೊಂಡಳು.

ಮರು ಶುಕ್ರವಾರ ಸಂಜೆ ಮೈದಾಹಿಟ್ಟು, ಜೀರಿಗೆ, ಚೆನ್ನಾಗಿ ಕಳಿತ ಬಾಳೆಹಣ್ಣು ತರಲು ಇಬ್ಬರೂ ಬ್ರಿಕ್‌ಫೀಲ್ಡ್ಸಿಗೆ ಹೋದೆವು. ಗುಡಿಯ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ಶಾಲಿನಿ ಚೀಲ ಹಿಡಿದು ಹೊರಗೇ ಉಳಿದಳು. ಬಂದ ಮೇಲೆ, ಇವತ್ತು ಎಂತ ಕೇಳಿದಿರಿ ಎಂದಳು. ಮುಚ್ಚಿಡುವ ಪ್ರಾರ್ಥನೆ ಅಲ್ಲವಾದ್ದರಿಂದ ಹೇಳಿದೆ: "ಮೂರು ಗಂಟೆವರೆಗೆ ಬಿಸಿಲು. ಆಮೇಲೆ ಒಳ್ಳೆ ಮಳೆ. ಬನ್ಸ್ ತಿಂತಾ ಎಲ್ಲರೂ ಕೂತು ಮಾತಾಡ್ಬೇಕಲ್ಲ."

ಅವಳು ಸ್ವಲ್ಪ ಯೋಚಿಸಿದಳು.

"ಮೂರು ಸಾಲುವುದಿಲ್ಲ. ನಂಗೆ ಎರಡು ಸಲ ಹಾರ್ಲಿಕ್ಕುಂಟು. ನಾಲ್ಕು ಅಂತ ಹೇಳಿ."

ನಾನು ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋದೆ.